ಶಾಖಾಲಯ ಮೀಮಾಂಸೆ

'ಶಾಖಾಲಯ' ಎಂಬ ಪದವನ್ನು ಹಿಂದಿನವರು ಶಾಖಾ, ಆಲಯ ಎಂದು ಬಿಡಿಸುತ್ತಿದ್ದರು. ಶಾಖಾ, ಲಯ ಎಂದು ಬಿಡಿಸುವುದೇ ಸಾಧುವೆಂಬುದು ಈ ಪ್ರಬಂಧದ ಪ್ರತಿಜ್ಞೆ. ಅರ್ಥಾತ್ ಹಳ್ಳಿಯ ಬ್ಯಾಂಕು ಮುಚ್ಚುತ್ತಿಲ್ಲ, ಸಾಕಾರದಿಂದ ನಿರಾಕಾರಕ್ಕೆ ಏರುತ್ತಿದೆ. ಟಿ.ಎಂ.ಎ. ಪೈ ಮೊದಲಾದವರು ಉಡುಪಿಯಲ್ಲಿ ಕಟ್ಟಿದ, ಮುಂದೆ ಸಿಂಡಿಕೇಟ್ ಬ್ಯಾಂಕ್ ಎನಿಸಿದ ಸಂಸ್ಥೆ 1928ರಲ್ಲಿ ಪಿಗ್ಮಿ ಠೇವಣಿ ಶುರುಮಾಡಿದಾಗ ದಿನದ ಎರಡಾಣೆಗಾಗಿ ಬ್ಯಾಂಕೇ ಮನೆ ಬಾಗಿಲಿಗೆ ನಡೆದು ಬರುತ್ತಿತ್ತು, ಚೀಲ, ಪುಸ್ತಕ, ಬೆವರು ಸಮೇತ. ಅದು ಸಗುಣೋಪಾಸನೆಯ ಕಾಲ. 2020ರ ಏಪ್ರಿಲ್ 1ರಂದು ಅದು ಕೆನರಾ ಬ್ಯಾಂಕಿನಲ್ಲಿ ಐಕ್ಯವಾಯಿತು. 1906ರಲ್ಲಿ ಅದೇ ಉಡುಪಿಯಲ್ಲಿ ಹುಟ್ಟಿದ ಕಾರ್ಪೊರೇಷನ್ ಬ್ಯಾಂಕು ಅಂದೇ ಯೂನಿಯನ್ ಬ್ಯಾಂಕಿನಲ್ಲಿ ಲೀನವಾಯಿತು. ಮಧ್ವಾಚಾರ್ಯರ ದ್ವೈತದ ಊರಿನ ಎರಡು ಬ್ಯಾಂಕುಗಳು ಒಂದೇ ದಿನ ಅದ್ವೈತಸಿದ್ಧಿ ಪಡೆದದ್ದು ವಿದ್ವಾಂಸರ ಗಮನಕ್ಕೆ ಬಂದಂತಿಲ್ಲ. (ತಾರೀಖಿನ ಬಗ್ಗೆ ನಾವು ಮೌನಿಗಳು.)

'ಕೇಂದ್ರಗಳು ಹೆಚ್ಚಿವೆಯಲ್ಲ, ಲಯವೆಲ್ಲಿ?' ಎಂಬುದು ಪೂರ್ವಪಕ್ಷ. 2017ರಲ್ಲಿ ರಿಸರ್ವ್ ಬ್ಯಾಂಕು ಹೇಳಿದ ಲಕ್ಷಣದಂತೆ, ನಿಗದಿತ ಜಾಗದಲ್ಲಿ ದಿನಕ್ಕೆ ಕನಿಷ್ಠ 4 ಗಂಟೆ, ವಾರಕ್ಕೆ 5 ದಿನ, ಸಿಬ್ಬಂದಿಯೋ ಪ್ರತಿನಿಧಿಯೋ ಕೂತು ಸೇವೆ ಕೊಟ್ಟರೆ ಅದು 'ಬ್ಯಾಂಕಿಂಗ್ ಔಟ್‌ಲೆಟ್'. ಆದ್ದರಿಂದ ಕಿರಾಣಿ ಅಂಗಡಿಯಲ್ಲಿ ಬೆಲ್ಲದ ಡಬ್ಬಿಯ ಪಕ್ಕ ಕೂತ ಬೆರಳ ಗುರುತಿನ ಯಂತ್ರವೂ ಎಣಿಕೆಗೆ ಸಿಗುತ್ತದೆ. ಗೃಹಲಕ್ಷ್ಮಿ ಯೋಜನೆಯ 2,000 ರೂಪಾಯಿಗೆ ಬಂದ ಅಜ್ಜಿ ಹೆಬ್ಬೆಟ್ಟು ಒತ್ತುತ್ತಾರೆ. ಬೀಡಿ ಕಟ್ಟಿ ಸವೆದ ಬೆರಳಲ್ಲಿ ಗೆರೆ ಸಿಗದು. ಸೆರಗಿಗೆ ಒರೆಸಿ ಇನ್ನೊಂದು ಬೆರಳು, ಮತ್ತೊಂದು. ಕೊನೆಗೆ ಬಲಗೈ ಬಿಟ್ಟು ಎಡಗೈ. ಹೆಬ್ಬೆಟ್ಟು ಬಿಡಿಸಿ ಸಹಿ ಕಲಿಸಲು ರಾತ್ರಿಶಾಲೆ ನಡೆಸಿದ ನಾಡಿನಲ್ಲಿ ಅದೇ ಹೆಬ್ಬೆಟ್ಟು ಮರಳಿ ಬಂದದ್ದು ಪುನರ್ಜನ್ಮವಾದಕ್ಕೆ ಸೇರಿದ ವಿಷಯ, ಇಲ್ಲಿ ಬೇಡ.

'ಕೈಯಲ್ಲೇ ಮೊಬೈಲಿದೆಯಲ್ಲ' ಎಂಬ ಆಕ್ಷೇಪ ಇನ್ನೂ ಗಟ್ಟಿ. ಆದರೆ ಖಾತೆಗೆ ಜೋಡಿಸಿದ ನಂಬರು ಬದಲಿಸಲು, ಕೆವೈಸಿ ಇಲ್ಲದೆ ಮಲಗಿದ ಖಾತೆಯನ್ನು ಎಬ್ಬಿಸಲು ಹಳ್ಳಿಗರು ಹಲವೊಮ್ಮೆ ಶಾಖೆಯ ಮೆಟ್ಟಿಲನ್ನೇ ಹತ್ತಬೇಕಾಗುತ್ತದೆ. ನಿರಾಕಾರನ ಅನುಗ್ರಹಕ್ಕೆ ಮೊದಲು ಸಾಕಾರದ ದರ್ಶನವಾಗಬೇಕೆಂಬುದು ನಮ್ಮ ಸಿದ್ಧಾಂತಕ್ಕೂ ತುಸು ತೊಡಕೇ, ಒಪ್ಪಿದೆವು. ಬಸ್ ಚಾರ್ಜು, ತಪ್ಪಿದ ಒಂದು ದಿನದ ಕೂಲಿ ಇವುಗಳನ್ನು ಲೌಕಿಕರು ಖರ್ಚೆನ್ನುತ್ತಾರೆ. ನಾವು ತೀರ್ಥಯಾತ್ರೆಯ ಅಂಗವೆನ್ನುತ್ತೇವೆ. ಯಾತ್ರೆಯ ಕೊನೆಗೆ ಗಾಜಿನ ಆಚೆಯಿಂದ ಕೇಳುವ ವಾಕ್ಯ: 'ಸರ್ವರ್ ಇಲ್ಲ, ನಾಳೆ ಬನ್ನಿ.' ಹಿಂದೆ ದೆವ್ವ ಒಳಗೆ ಬಾರದಿರಲೆಂದು ಹಳ್ಳಿಯವರು ಬಾಗಿಲ ಮೇಲೆ ಸುಣ್ಣದಲ್ಲಿ ಬರೆಯುತ್ತಿದ್ದ 'ನಾಳೆ ಬಾ' ಎಂಬುದೇ ಇದರ ಮೂಲಪಾಠ. ಗೌರವಾರ್ಥ ಬಹುವಚನವೊಂದು ನಂತರದ ಸೇರ್ಪಡೆ.