ಬ್ಯಾಕಪ್ಪನವರು

ತುಮಕೂರಿನ ಸತ್ಯಮಂಗಲದ ನಮ್ಮ ಫ್ಯಾಕ್ಟರಿಯಲ್ಲಿ ಕರೆಂಟು ಹೋದರೆ ಒಬ್ಬೊಬ್ಬರದು ಒಂದೊಂದು ರೀತಿ. ಮಷೀನ್ ಶಾಪಿನವರು ಟೀ ಕುಡಿಯಲು ಹೊರಗೆ ಬರುತ್ತಾರೆ. ಅಕೌಂಟ್ಸಿನವರು ಸೇವ್ ಮಾಡದ ಲೆಕ್ಕ ನೆನೆದು ಎದೆ ಹಿಡಿದುಕೊಳ್ಳುತ್ತಾರೆ. ಮ್ಯಾನೇಜರು ಬೈಯಲು ಯಾರಾದರೂ ಸಿಗುತ್ತಾರಾ ಎಂದು ನೋಡುತ್ತಾರೆ. ಬ್ಯಾಕಪ್ಪನವರು ಮಾತ್ರ ಎಡಗೈ ಎತ್ತಿ ಗಡಿಯಾರ ನೋಡುತ್ತಾ ನಿಲ್ಲುತ್ತಾರೆ. ಜನರೇಟರ್ ಗುರ್ ಎಂದ ಮೇಲೆ ಕೈ ಇಳಿಸಿ, "ಹದಿನೇಳು ಸೆಕೆಂಡು. ಹೋದ ತಿಂಗಳು ಹನ್ನೊಂದಿತ್ತು. ಫಿಲ್ಟರ್ ನೋಡಿಸ್ರಪ್ಪಾ" ಎಂದು ಹೇಳಿ ಒಳಗೆ ಹೋಗುತ್ತಾರೆ. ಆ ಗಡಿಯಾರ ನಮ್ಮ ತುಮಕೂರಿನ ಎಚ್‌ಎಂಟಿಯದು. ಅವರಪ್ಪ ಅಲ್ಲೇ ಕೆಲಸದಲ್ಲಿದ್ದವರು. ಫ್ಯಾಕ್ಟರಿ ಮುಚ್ಚಿತು, ಜಾಗ ಇಸ್ರೋಗೆ ಹೋಯಿತು, ಗಡಿಯಾರ ಇನ್ನೂ ನಡೆಯುತ್ತಿದೆ. ಅಂಥದೇ ಇನ್ನೊಂದು ಮನೆಯ ಬೀರುವಿನಲ್ಲಿದೆ. ಅದಕ್ಕೂ ದಿನಾ ಕೀ ಕೊಡುತ್ತಾರೆ.

ಅವರ ನಿಜವಾದ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಳಿದಿದೆ. ಸಿಸ್ಟಂ ಅಡ್ಮಿನಿಸ್ಟ್ರೇಟರ್ ಎಂಬ ಹುದ್ದೆಯ ಹೆಸರು ಗೇಟಿನ ಸೆಕ್ಯೂರಿಟಿಯವರ ನಾಲಿಗೆಗೆ ಹೊರಳಲಿಲ್ಲ. ತಿಮ್ಮಪ್ಪ, ಬೋರಪ್ಪ, ರಂಗಪ್ಪ ಎಂದು ಬರೆದು ಅಭ್ಯಾಸವಾದ ಕೈ, ರಾತ್ರಿ ಹತ್ತಕ್ಕೆ ಬ್ಯಾಕಪ್ ತೆಗೆಯಲು ಬಂದವರನ್ನು ರಿಜಿಸ್ಟರಿನಲ್ಲಿ "ಬ್ಯಾಕಪ್ಪ" ಎಂದು ಬರೆದುಕೊಂಡಿತು. ಇದು ಯಾವ ಸಂಧಿಯೋ ಕೇಶಿರಾಜನೇ ಹೇಳಬೇಕು. ಹೆಸರು ಮಾತ್ರ ನಿಂತುಬಿಟ್ಟಿತು.

ಈ ಜಾತಿಯವರು ನಿಮ್ಮ ಆಫೀಸಿನಲ್ಲೂ ಒಬ್ಬರಿರುತ್ತಾರೆ. ಎಲ್ಲವೂ ಎರಡೆರಡು. ಜೇಬಿನಲ್ಲಿ ಎರಡು ಪೆನ್ನು, ಬ್ಯಾಗಿನಲ್ಲಿ ಎರಡು ಕನ್ನಡಕ, ಮೊಪೆಡ್ಡಿನ ಎರಡನೇ ಕೀಲಿ ಎದುರುಮನೆಯ ದೇವರ ಗೂಡಿನಲ್ಲಿ. ಕ್ಯಾತ್ಸಂದ್ರದ ತಟ್ಟೆ ಇಡ್ಲಿ ತಿನ್ನಲು ಹೋದರೂ ಮೊದಲು ಪಕ್ಕದ ಹೋಟೆಲಿನಲ್ಲಿ ಇಡ್ಲಿ ಇದೆಯೇ ಎಂದು ಇಣುಕಿ ಬಂದು ಆಮೇಲೆ ಇಲ್ಲಿ ಕೂರುತ್ತಾರೆ. ಮಗಳ ಮದುವೆಗೆ ಇಬ್ಬರು ಪುರೋಹಿತರು, ಇಬ್ಬರು ಅಡುಗೆ ಭಟ್ಟರು, ಎರಡು ವಾಲಗ. ಅಳಿಯ ಒಬ್ಬನೇ ಎಂಬುದು ಅವರ ಕೊರಗು. ಒಂದು ಕೆಟ್ಟರೆ ಎಲ್ಲ ಕೆಡುವಂಥದ್ದಕ್ಕೆ ಅವರ ಭಾಷೆಯಲ್ಲಿ 'ಸಿಂಗಲ್ ಪಾಯಿಂಟ್ ಆಫ್ ಫೇಲ್ಯೂರ್' ಅನ್ನುತ್ತಾರೆ. ಬೀಗರೂಟದ ದಿನ ಅಳಿಯನ ಎದುರಿಗೇ ಅಂದುಬಿಟ್ಟರಂತೆ.

ಇಂಥವರ ಕೈಯಲ್ಲಿ ನಮ್ಮ ಕಂಪನಿಯ ಕೊಲಾಬರೇಶನ್ ಸರ್ವರ್ ಇದೆ. ಹಾಗಂದರೇನು ಎಂದು ಕ್ಯಾಂಟೀನಿನವರು ಕೇಳಿದಾಗ ಬ್ಯಾಕಪ್ಪನವರು "ಅರಳೀಕಟ್ಟೆ ಕಣಯ್ಯಾ" ಎಂದಿದ್ದರು. ಸರಿಯಾದ ಮಾತು. ಮೇಲು, ಮೀಟಿಂಗಿನ ಕ್ಯಾಲೆಂಡರು, ಡ್ರಾಯಿಂಗು, ರಜೆ ಅರ್ಜಿ, ಪರ್ಚೇಸಿನವರಿಗೂ ಸ್ಟೋರ್ಸಿನವರಿಗೂ ಹತ್ತು ವರ್ಷದಿಂದ ನಡೆದಿರುವ ಜಗಳ, ಎಲ್ಲವೂ ಆ ಕಟ್ಟೆಯ ಮೇಲೇ ಕೂತಿವೆ. ನಮ್ಮದು ಹಳೆಯ ಲೋಟಸ್ ನೋಟ್ಸ್. 1989ರಲ್ಲಿ ಹುಟ್ಟಿ, 1995ರಲ್ಲಿ ಐಬಿಎಂ ಮನೆ ತುಂಬಿ, 2019ರಲ್ಲಿ ಎಚ್‌ಸಿಎಲ್ ಮನೆ ಸೇರಿದ ಸೊಸೆ. ವಯಸ್ಸಾಗಿದೆ, ಕೆಲಸ ಬಿಟ್ಟಿಲ್ಲ. ಇಲ್ಲಿ ಬರೆದದ್ದು ಬೆಂಗಳೂರು ಆಫೀಸಿನ ಸರ್ವರಿನಲ್ಲೂ ತಾನಾಗಿ ಬರೆದುಕೊಳ್ಳುತ್ತದೆ. ಇದಕ್ಕೆ ರೆಪ್ಲಿಕೇಶನ್ ಎಂದು ಹೆಸರು.

"ಎರಡು ಕಡೆ ಇದೆಯಲ್ರೀ, ಮತ್ತೆ ಬ್ಯಾಕಪ್ ಯಾಕ್ರೀ?" ಎಂದು ಎಂಡಿ ಸಾಹೇಬರು ಪ್ರತಿ ಮಾರ್ಚಿನಲ್ಲೂ ಕೇಳುತ್ತಾರೆ.

"ಸಾರ್, ಇಲ್ಲಿ ಅಳಿಸಿದರೆ ಅಲ್ಲೂ ಅಳಿಸಿಹೋಗುತ್ತೆ. ಕನ್ನಡಿ ಮುಂದೆ ನಿಂತು ಮೀಸೆ ಬೋಳಿಸಿಕೊಂಡ್ರೆ ಕನ್ನಡಿಯೊಳಗೆ ಮೀಸೆ ಉಳಿಯುತ್ತಾ?"

ಎಂಡಿಯವರು ಮೀಸೆ ಮುಟ್ಟಿಕೊಂಡು ಬಜೆಟ್ ಅರ್ಧ ಮಾಡುತ್ತಾರೆ.

ವಿಪತ್ತು ನಿರ್ವಹಣೆಯ ಪ್ಲಾನು ಎಂಬ ಐವತ್ತೆರಡು ಪುಟದ ಗ್ರಂಥವೊಂದನ್ನು ಬ್ಯಾಕಪ್ಪನವರು ರಚಿಸಿದ್ದಾರೆ. ಬರಬಹುದಾದ ಆಪತ್ತುಗಳ ಪಟ್ಟಿಯೇ ಆರು ಪುಟ: ಬೆಂಕಿ, ನೀರು, ಸಿಡಿಲು, ಇಲಿ, ದೇವರಾಯನದುರ್ಗದ ಕಡೆಯಿಂದ ಬರಬಹುದಾದ ಚಿರತೆ, ಆಯುಧಪೂಜೆಯ ಕುಂಕುಮ, ಎಂಡಿಯವರ ಭಾಮೈದ. ಕುಂಕುಮದ್ದು ಅನುಭವದ ಮಾತು. ಒಂದು ವರ್ಷ ಭಕ್ತರೊಬ್ಬರು ಸರ್ವರಿನ ಫ್ಯಾನಿಗೇ ಅರ್ಚನೆ ಮಾಡಿ, ಅದು ಒಳಗೆಲ್ಲ ಹರಡಿ, ಮೂರು ದಿನ ಮೇಲು ಬರಲಿಲ್ಲ. ಅಂದಿನಿಂದ ಬೂದುಗುಂಬಳ ಒಡೆಯುವ ಮುಂಚೆ ಫುಲ್ ಬ್ಯಾಕಪ್. ಭಾಮೈದನ ವಿಷಯ ಇಲ್ಲಿ ಬೇಡ.

ಈ ಗ್ರಂಥ ಮಂಡಿಸಿದ ಮೀಟಿಂಗಿನಲ್ಲಿ ನಾನೂ ಇದ್ದೆ. "ಸಾರ್, ಮೊದಲು ನಮ್ಮ ಆರ್‌ಟಿಓ ಎಷ್ಟು ಅಂತ ತೀರ್ಮಾನ ಆಗಬೇಕು" ಎಂದರು. ಸರ್ವರ್ ಬಿದ್ದ ಮೇಲೆ ಎಷ್ಟು ಹೊತ್ತಿನೊಳಗೆ ಎದ್ದು ನಿಲ್ಲಬೇಕು ಎಂಬ ಗಡುವಿಗೆ ಅವರ ಶಾಸ್ತ್ರದಲ್ಲಿ ಆರ್‌ಟಿಓ ಎಂದು ಹೆಸರು. ಡಿಸ್‌ಪ್ಯಾಚಿನವರು ತಕ್ಷಣ, "ಒಂದು ಗಾಡಿ ಎಫ್‌ಸಿಗೆ ಇಷ್ಟು, ಏಜೆಂಟಿಗೆ ಇಷ್ಟು" ಎಂದು ಲೆಕ್ಕ ಒಪ್ಪಿಸಿದರು. ಕೆಎ-06ರ ಊರಿನಲ್ಲಿ ಆರ್‌ಟಿಓ ಅಂದರೆ ಇನ್ನೇನು ನೆನಪಾಗಬೇಕು? ಅದು ತಿಳಿಯಾಗಲು ಅರ್ಧ ಗಂಟೆ ಹಿಡಿಯಿತು. ಆಮೇಲೆ ಆರ್‌ಪಿಓ: ಎಷ್ಟು ಹೊತ್ತಿನ ಮಾಹಿತಿ ಕಳೆದುಹೋದರೆ ಕಂಪನಿ ತಡೆದುಕೊಳ್ಳುತ್ತದೆ ಎಂಬ ಲೆಕ್ಕ. ಅಕೌಂಟ್ಸಿನವರು ಒಂದು ನಿಮಿಷದ್ದೂ ಕಳೆಯಬಾರದು ಎಂದರು. ಸೇಲ್ಸಿನವರು ಗಂಭೀರವಾಗಿ ಯೋಚಿಸಿ, ಏಪ್ರಿಲ್‌ನಿಂದ ಈಚಿನದೆಲ್ಲ ಹೋದರೂ ನಮ್ಮ ಅಭ್ಯಂತರವಿಲ್ಲ ಎಂದರು. ಕೊನೆಗೆ ಗಡುವು ನಾಲ್ಕು ಗಂಟೆ, ನಷ್ಟ ಇಪ್ಪತ್ತನಾಲ್ಕು ಗಂಟೆಯದು ಎಂದು ಬರೆದುಕೊಂಡು ವಡೆ ತಿಂದೆವು.

ಬೇರೆ ಊರಿನಲ್ಲಿ ಸರ್ವರ್ ಇಡುವ ಮಾತು ಬಂದಾಗ ಎಂಡಿಯವರು ಗುಬ್ಬಿಯಲ್ಲಿರುವ ಮಾವನ ಮನೆ ಸೂಚಿಸಿದರು. ಅದೇ ಸಿಡಿಲು, ಅದೇ ಮಳೆ ಅಲ್ಲಿಗೂ ಬರುತ್ತೆ ಸಾರ್ ಎಂದು ಬ್ಯಾಕಪ್ಪನವರು ಹೇಳಿ ನೋಡಿದರು. "ಸತ್ಯಮಂಗಲದ ಪ್ರಳಯ ಗುಬ್ಬಿ ಮುಟ್ಟೋ ಹೊತ್ತಿಗೆ ಸುಸ್ತಾಗಿರುತ್ತೆ ಬಿಡ್ರೀ" ಎಂದು ತೀರ್ಪಾಯಿತು. ಮಾತು ಅಲ್ಲಿಗೇ ನಿಂತಿತು.

ಬೇರೆಯವರ ಮನೆಯ ಅನಾಹುತದ ಸುದ್ದಿ ಬಂದ ದಿನ ಬ್ಯಾಕಪ್ಪನವರ ಮುಖ ನೋಡಬೇಕು. 2025ರ ಸೆಪ್ಟೆಂಬರಿನಲ್ಲಿ ದಕ್ಷಿಣ ಕೊರಿಯಾದ ಡೇಜಾನ್‌ನ ಸರ್ಕಾರಿ ಡೇಟಾ ಸೆಂಟರಿಗೆ ಬೆಂಕಿ ಬಿದ್ದು, ನೌಕರರು ಕಡತ ಇಡುತ್ತಿದ್ದ ಜಿ-ಡ್ರೈವ್ ಸುಟ್ಟುಹೋಯಿತಲ್ಲ, "ಎಂಟುನೂರ ಐವತ್ತೆಂಟು ಟೆರಾಬೈಟು! ಒಂದು ಬ್ಯಾಕಪ್ ಇಲ್ಲ!" ಎಂದು ಕ್ಯಾಂಟೀನ್ ತುಂಬ ಹೇಳಿಕೊಂಡು ಬಂದರು, ಎದುರುಮನೆಯವರ ಹುಡುಗ ಎಸ್ಸೆಸ್ಸೆಲ್ಸಿಯಲ್ಲಿ ಫೇಲಾದ ಹಾಗೆ. ಅವರಿಗೆ ಅತ್ಯಂತ ಪ್ರಿಯವಾದದ್ದು ಮೇರ್ಸ್ಕ್ ಹಡಗು ಕಂಪನಿಯ ಕಥೆ. 2017ರ ಜೂನ್ 27ರಂದು ನಾಟ್‌ಪೆಟ್ಯಾ ಎಂಬ ವೈರಸ್ಸು ಬಡಿದು, ಲೋಕದ ತುಂಬ ಹರಡಿದ್ದ ಅವರ ಸರ್ವರುಗಳು ಸಾಲುಸಾಲಾಗಿ ಸತ್ತುಬಿದ್ದವು. ಇಡೀ ಜಾಲದ ಕೀಲಿಕೈಯಂಥ ಮಾಹಿತಿ ಉಳಿದದ್ದು ಆಫ್ರಿಕಾದ ಘಾನಾದಲ್ಲಿದ್ದ ಒಂದೇ ಯಂತ್ರದಲ್ಲಿ. ಯಾಕೆ? ವೈರಸ್ಸು ಬಂದ ಹೊತ್ತಿಗೆ ಅಲ್ಲಿ ಕರೆಂಟು ಹೋಗಿತ್ತು! ಆ ಹಾರ್ಡ್‌ಡಿಸ್ಕ್ ಹಿಡಿದು ಇಂಗ್ಲೆಂಡಿಗೆ ಹೊರಡಬೇಕಾದವರಿಗೆ ವೀಸಾ ಇರಲಿಲ್ಲ. ನೈಜೀರಿಯಾಕ್ಕೆ ಹಾರಿ, ವಿಮಾನ ನಿಲ್ದಾಣದಲ್ಲಿ ಇನ್ನೊಬ್ಬರ ಕೈಗಿತ್ತು ದಾಟಿಸಿದರು. "ಪವರ್ ಕಟ್ ಕಂಪನಿ ಉಳಿಸ್ತು ನೋಡಿ" ಎನ್ನುವಾಗ ಅವರ ಧ್ವನಿಯಲ್ಲಿ ಹರಿಕಥೆದಾಸರ ನಡುಕವಿರುತ್ತದೆ.

ಊರಿನ ಉದಾಹರಣೆಗಳೂ ಉಂಟು. ಶೂನ್ಯಸಂಪಾದನೆಗೆ ನಾಲ್ಕು ಆವೃತ್ತಿ, ನಾಲ್ಕನೆಯದು ಗೂಳೂರಿನ ಸಿದ್ಧವೀರಣ್ಣೊಡೆಯರದು. "ಗೂಳೂರು ಇಲ್ಲೇ ಇದೆ ಸಾರ್. ಹೊಸದು ಬಂತು ಅಂತ ಹಳೇ ಮೂರನ್ನು ಯಾರಾದ್ರೂ ಅಳಿಸಿದ್ರಾ?" ಕಲ್ಯಾಣ ಕೆಟ್ಟ ಮೇಲೆ ವಚನದ ಕಟ್ಟುಗಳು ಮಠ ಮನೆಗಳಲ್ಲಿ ಚೆಲ್ಲಾಡಿ ಹೋದದ್ದು, ಫ.ಗು. ಹಳಕಟ್ಟಿಯವರು ತಾಳೆಗರಿ ಹುಡುಕುತ್ತಾ ಮನೆಮನೆ ಅಲೆದು 1923ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗ ಅಚ್ಚು ಹಾಕಿಸಿದ್ದು ಅವರ ಪ್ರಕಾರ ಕನ್ನಡನಾಡು ಕಂಡ ಅತಿ ದೊಡ್ಡ ರಿಸ್ಟೋರ್. ಆರ್‌ಟಿಓ ಸುಮಾರು ಏಳೂವರೆ ನೂರು ವರ್ಷ. "ನಮಗೂ ಅಂಥ ಆತುರವೇನಿಲ್ಲ" ಎಂದರು ಎಂಡಿ.

ಆದರೆ ಒಂದು ಮಾತಿನಲ್ಲಿ ಬ್ಯಾಕಪ್ಪನವರದು ಹಾಸ್ಯವಿಲ್ಲ. ಬ್ಯಾಕಪ್ ಇದೆಯಾ ಎಂದು ಕೇಳಬೇಡಿ, ವಾಪಸ್ ಬರುತ್ತಾ ಎಂದು ಕೇಳಿ ಎನ್ನುತ್ತಾರೆ. ಇದು ಪುಸ್ತಕದಿಂದ ಬಂದದ್ದಲ್ಲ, ಅಜ್ಜಿಯಿಂದ ಬಂದದ್ದು. ಗುಬ್ಬಿ ತಾಲ್ಲೂಕಿನ ಅವರ ಹಳ್ಳಿಯಲ್ಲಿ ರಾಗಿಯನ್ನು ನೆಲದೊಳಗಿನ ಹಗೇವಿನಲ್ಲಿ ತುಂಬಿ, ಬಾಯಿ ಮುಚ್ಚಿ ವರ್ಷಗಟ್ಟಲೆ ಇಡುತ್ತಿದ್ದರು. ಹಗೇವು ತೆಗೆದ ದಿನ ಯಾರೂ ಧಡಕ್ಕನೆ ಇಳಿಯುವಂತಿಲ್ಲ. ಮುಚ್ಚಿದ ಗಾಳಿ ವಿಷವಾಗಿರುತ್ತದೆ. ಮೊದಲು ಹಗ್ಗಕ್ಕೆ ಬುಡ್ಡಿ ಕಟ್ಟಿ ಇಳಿಬಿಡಬೇಕು. ದೀಪ ಆರಿದರೆ ಇಳಿಯಬೇಡ. ರಾಗಿ ಇದೆ ಎಂಬ ಧೈರ್ಯದಲ್ಲಿ ನೋಡದೆ ಇಳಿದವರು ಮೇಲೆ ಬರದ ಕಥೆಗಳು ನಮ್ಮ ಕಡೆ ಹಳ್ಳಿ ಹಳ್ಳಿಯಲ್ಲೂ ಇವೆ. 1876–78ರ ಧಾತು ಈಶ್ವರ ಬರದಲ್ಲಿ ಮೈಸೂರು ಸಂಸ್ಥಾನ ಸುಮಾರು ಹತ್ತು ಲಕ್ಷ ಜನರನ್ನು ಕಳೆದುಕೊಂಡಿತು. ಹಗೇವು ತುಂಬಿಸುವುದನ್ನು ನಮ್ಮ ಹಿರಿಯರು ತಮಾಷೆಗೆ ಕಲಿತವರಲ್ಲ.

ಆ ಬುಡ್ಡಿ ಇಳಿಬಿಡುವ ಶಾಸ್ತ್ರಕ್ಕೆ, ಅಂದರೆ ರಿಸ್ಟೋರ್ ಮಾಡಿ ನೋಡುವ ಡ್ರಿಲ್ಲಿಗೆ ಬ್ಯಾಕಪ್ಪನವರು ನಾಲ್ಕು ವರ್ಷದಿಂದ ಒಂದು ಶನಿವಾರ ಕೇಳುತ್ತಿದ್ದರು. ಒಂದು ಶನಿವಾರ ಡಿಸ್‌ಪ್ಯಾಚ್ ಅವಸರ, ಒಂದು ಶನಿವಾರ ಆಡಿಟ್, ಒಂದು ಶನಿವಾರ ಸಿದ್ಧಗಂಗೆ ಜಾತ್ರೆ. ನಾಲ್ಕು ವರ್ಷದಲ್ಲಿ ಇನ್ನೂರೆಂಟು ಶನಿವಾರ ಬಂದುಹೋದವು.

ಈ ನಡುವೆ ಕೊರಿಯರ್ ಪ್ರಸಂಗವಾಯಿತು. ಎರಡು ಹಾರ್ಡ್‌ಡಿಸ್ಕುಗಳು ಸತ್ಯಮಂಗಲಕ್ಕೂ ಬೆಂಗಳೂರಿಗೂ ತಿಂಗಳಿಗೊಮ್ಮೆ ಅದಲುಬದಲಾಗುತ್ತಿದ್ದವು. ಒಂದು ಸಲ ಬೆಂಗಳೂರಿನಲ್ಲಿ ಯಾರೋ ಅವಸರಕ್ಕೆ ಪಾರ್ಸಲಿನ ಮೇಲೆ ಬರೇ "ಸತ್ಯಮಂಗಲ" ಎಂದು ಬರೆದರು. ಅದು ಸೀದಾ ತಮಿಳುನಾಡಿನ ಈರೋಡ್ ಜಿಲ್ಲೆಯ ಸತ್ಯಮಂಗಲಕ್ಕೆ ಹೋಯಿತು. ಡಾ. ರಾಜ್‌ರನ್ನು 2000ದ ಜುಲೈ 30ರಂದು ವೀರಪ್ಪನ್ ಹೊತ್ತೊಯ್ದನಲ್ಲ, ಆ ಕಾಡಿನ ಸತ್ಯಮಂಗಲ. ತರಿಸಲು ಖರ್ಚು ಕೇಳಿದರೆ ಎಂಡಿಯವರು, "ರಾಜ್‌ಕುಮಾರ್ ಅವರೇ ನೂರೆಂಟು ದಿನಕ್ಕೆ ವಾಪಸ್ ಬಂದ್ರು, ಡಿಸ್ಕ್ ಬರಲ್ವಾ?" ಎಂದರು. ಇನ್ನೊಂದು ಡಿಸ್ಕನ್ನು ಬೆಂಗಳೂರಿಂದ ತರಿಸಿ, ಕಳೆದುಹೋಗದಂತೆ ಸರ್ವರಿಗೇ ಚುಚ್ಚಿ ಇಟ್ಟರು.

ಆಮೇಲೆ ಬಂತು ಆ ಸೋಮವಾರ. ಪರ್ಚೇಸಿನಲ್ಲಿ ಒಬ್ಬರು 'ಬಾಕಿ ಬಿಲ್' ಎಂಬ ಮೇಲಿನ ಲಗತ್ತು ತೆರೆದರು. ಹನ್ನೊಂದು ಗಂಟೆಯೊಳಗೆ ಸತ್ಯಮಂಗಲದ ಸರ್ವರು ಬೀಗ ಹಾಕಿಕೊಂಡಿತು, ಹನ್ನೆರಡಕ್ಕೆ ಬೆಂಗಳೂರಿನದು, ಚುಚ್ಚಿಟ್ಟಿದ್ದ ಡಿಸ್ಕ್ ಅದಕ್ಕೂ ಮೊದಲೇ. ಪರದೆಯ ಮೇಲೆ ಬಿಟ್‌ಕಾಯಿನ್ ಕೇಳುವ ಓಲೆ. ಮೂರು ಪ್ರತಿಗಳೂ ಒಂದೇ ಹಗ್ಗದಲ್ಲಿ ಬಾವಿಗೆ ಬಿದ್ದಿದ್ದವು. ಐವತ್ತೆರಡು ಪುಟದ ಪ್ಲಾನು ತೆಗೆಯಿರಿ ಎಂದರು ಎಂಡಿ. ಅದೂ ಸರ್ವರಿನಲ್ಲೇ ಇತ್ತು, ಸರಿ. ಆದರೆ ಬ್ಯಾಕಪ್ಪನವರ ಬೀರುವಿನಲ್ಲಿ, ಎರಡನೇ ಗಡಿಯಾರದ ಕೆಳಗೆ, ಪ್ರಿಂಟ್ ಇತ್ತು. ತಂದು ಓದಿದರೆ ಪುಟ ಮೂವತ್ತೆಂಟರಲ್ಲಿ "ಹೊರ ಊರಿನ ಪ್ರತಿಯನ್ನು ತರಿಸುವುದು" ಎಂದಿತ್ತು.

ಆಗ ಎಲ್ಲರಿಗೂ ಘಾನಾ ನೆನಪಾಯಿತು.

ಕಂಪನಿಯ ಬೊಲೆರೊದಲ್ಲಿ ಬ್ಯಾಕಪ್ಪನವರು ಎರಡು ಸ್ಟೆಪ್ನಿ, ಇಬ್ಬರು ಡ್ರೈವರು, ಎರಡು ಡಬ್ಬಿ ಚಿತ್ರಾನ್ನ ಸಮೇತ ಹೊರಟರು. ಕುಣಿಗಲ್, ಮದ್ದೂರು, ಚಾಮರಾಜನಗರ. ಅಲ್ಲಿಂದ ಮುಂದೆ ರಾತ್ರಿ ಹೊತ್ತು ಹುಲಿ ಕಾಡಿನ ದಾರಿ ಬಂದ್. ಗಾಡಿಯಲ್ಲೇ ಮಲಗಿ, ಬೆಳಿಗ್ಗೆ ದಿಂಬಂ ಘಾಟಿಯ ಇಪ್ಪತ್ತೇಳು ತಿರುವು ಇಳಿದರು. ಒಂದು ತಿರುವಿನಲ್ಲಿ ಆನೆಗೆ ದಾರಿ ಬಿಟ್ಟರಂತೆ. ಆರು ಪುಟದ ಪಟ್ಟಿಯಲ್ಲಿ ಆನೆ ಬಿಟ್ಟುಹೋಗಿತ್ತು ಎಂದು ಅಲ್ಲೇ ಡೈರಿಯಲ್ಲಿ ಬರೆದುಕೊಂಡರು. ಕೊರಿಯರ್ ಗೋದಾಮಿನವರು ಕನ್ನಡದಲ್ಲೇ ಮಾತಾಡಿದರು. "ನಿಮ್ಮೂರಿನ ಪಾರ್ಸಲ್ ಬರ್ತಾನೇ ಇರ್ತವೆ ಸಾರ್, ಆ ಮೂಲೆ ಎಲ್ಲಾ ನಿಮ್ಮವೇ" ಎಂದು ತೋರಿಸಿದರು. ಅರಿಶಿನದ ಮೂಟೆಯ ಹಿಂದೆ ನಮ್ಮ ಡಿಸ್ಕ್ ಕೂತಿತ್ತು. ಆ ಊರಿಗೆ ತಮಿಳರು ಚಿಕ್ಕದಾಗಿ 'ಸತ್ತಿ' ಎನ್ನುತ್ತಾರೆ. ಇಲ್ಲಿದ್ದದ್ದು ಸತ್ತಿತ್ತು, ಸತ್ತಿಯಲ್ಲಿದ್ದದ್ದು ಬದುಕಿತ್ತು.

ನಾಲ್ಕು ವರ್ಷದಿಂದ ಸಿಗದ ಡ್ರಿಲ್ಲು ಹಾಗೆ ತಾನಾಗಿ ನಡೆಯಿತು. ಮೊದಲ ರಾತ್ರಿ ದೀಪ ಎರಡು ಸಲ ಆರಿತು. ಶುಕ್ರವಾರ ಸಂಜೆ ಐದಕ್ಕೆ ಮೇಲು ಬಂತು. ಗಡುವು ನಾಲ್ಕು ಗಂಟೆ, ಹಿಡಿದದ್ದು ನಾಲ್ಕೂಕಾಲು ದಿನ. ಕಳೆದದ್ದು ನಲವತ್ತೊಂದು ದಿನದ ಮಾಹಿತಿ. ಸೇಲ್ಸಿನವರು ಸಿಹಿ ಹಂಚಿದರು.

ಈಗಿನ ಹೊಸ ಪ್ಲಾನು ಅರವತ್ತೊಂದು ಪುಟ. ಪ್ರತಿ ತಿಂಗಳು ಒಂದು ಡಿಸ್ಕನ್ನು ಬೇಕೆಂದೇ ಆ ಸತ್ಯಮಂಗಲಕ್ಕೆ ಕಳಿಸಿ, ಬಾಡಿಗೆ ಕಪಾಟಿನಲ್ಲಿ ಇಡಿಸುತ್ತಾರೆ. ಮೊನ್ನೆ ಬಂದ ಆಡಿಟರು ಪುಟ ತಿರುವಿ ಕೆಂಪು ಶಾಯಿಯಲ್ಲಿ ಬರೆದು ಹೋದರು: "ಮುಖ್ಯ ಸ್ಥಳ ಸತ್ಯಮಂಗಲ, ಪರ್ಯಾಯ ಸ್ಥಳವೂ ಸತ್ಯಮಂಗಲ. ಎರಡೂ ಒಂದೇ ಕಡೆ ಇರುವುದು ಗಂಭೀರ ಲೋಪ." ಬ್ಯಾಕಪ್ಪನವರು ಭೂಪಟ ಲಗತ್ತಿಸಿ ಉತ್ತರ ಬರೆಯುತ್ತಿದ್ದಾರೆ.

ನೀವು ನಮ್ಮ ಕಡೆಗೆ ಏನಾದರೂ ಕಳಿಸುವುದಿದ್ದರೆ ದಯವಿಟ್ಟು ಸತ್ಯಮಂಗಲದ ಮುಂದೆ ತುಮಕೂರು ಎಂದು ದಪ್ಪಕ್ಷರದಲ್ಲಿ ಬರೆಯಿರಿ. ಕಳೆದ ಯುಗಾದಿಗೆ ನಮ್ಮ ಭಾವ ಕಳಿಸಿದ ಹೋಳಿಗೆ ಇನ್ನೂ ಬಂದಿಲ್ಲ.