ಷೆಡ್ ಮೀಮಾಂಸೆ: ಬಡವನಹಳ್ಳಿ ಪಾಠ

ಯಾವ ಶಾಸ್ತ್ರವಾದರೂ ಆರಂಭಕ್ಕೆ ಮುಂಚೆ ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ನಾಲ್ಕನ್ನು ಹೇಳಿಬಿಡಬೇಕೆಂಬುದು ಹಿರಿಯರ ಕಟ್ಟಳೆ. ವಿಷಯ: ಮನೆಯ ಪಕ್ಕದ ಷೆಡ್ಡಿನಲ್ಲಿ ಸ್ವಂತ ವರ್ಕ್‌ಶಾಪ್ ಮಾಡಿಕೊಳ್ಳುವುದು. ಪ್ರಯೋಜನ: ಐವತ್ತು ರೂಪಾಯಿಯ ರಿಪೇರಿಯನ್ನು ಐದು ಸಾವಿರದ ಸಾಮಾನು ತಂದು ಮನೆಯಲ್ಲೇ ಮುಗಿಸುವುದು. ಸಂಬಂಧ: ಷೆಡ್ಡು ಏಳುವಷ್ಟರಲ್ಲಿ ಮನೆಯವರೊಂದಿಗೆ ಎಷ್ಟು ಉಳಿದಿದೆಯೋ ಅಷ್ಟು. ಅಧಿಕಾರಿ: ಮಧುಗಿರಿ ತಾಲ್ಲೂಕಿನ ಬಡವನಹಳ್ಳಿಯ ಆಸುಪಾಸಿನಲ್ಲಿ ಒಂದು ಟಿವಿಎಸ್ ಎಕ್ಸೆಲ್, ಒಂದು ಸುಟ್ಟ ಪಂಪ್‌ಸೆಟ್ ಮೋಟಾರು, ಹಸು ಮಾರಿದ ಮೇಲೆ ಖಾಲಿ ಬಿದ್ದ ಕೊಟ್ಟಿಗೆ, ಈ ಮೂರೂ ಉಳ್ಳವನು. ಕೊಟ್ಟಿಗೆಯಲ್ಲಿ ಇನ್ನೂ ಹಸುವಿದ್ದರೆ ಅವನು ಅನಧಿಕಾರಿ. ಹಾಲು ಕರೆಯುವವರ ಅಪ್ಪಣೆಯಿಲ್ಲದೆ ಅವನು ಒಂದು ಮೊಳೆಯನ್ನೂ ಹೊಡೆಯುವಂತಿಲ್ಲ.

ಗ್ಯಾರೇಜಿನಲ್ಲಿ ಕೂತು ಲೋಕ ಗೆಲ್ಲುವ ವಿದ್ಯೆ ಅಮೆರಿಕದ್ದೆಂದು ನಂಬುವ ಒಂದು ಪಂಥವಿದೆ. ಅವರ ಪುಣ್ಯಕ್ಷೇತ್ರ ಪಾಲೊ ಆಲ್ಟೊದ ಅಡಿಸನ್ ಅವೆನ್ಯೂವಿನ 367ನೇ ನಂಬರಿನ ಮನೆ. ಬಿಲ್ ಹ್ಯೂಲೆಟ್ ಮತ್ತು ಡೇವಿಡ್ ಪ್ಯಾಕರ್ಡ್ 1938ರಲ್ಲಿ ಅಲ್ಲಿನ 12 ಅಡಿಗೆ 18 ಅಡಿಯ ಗ್ಯಾರೇಜಿನಲ್ಲಿ ಕೆಲಸ ಹಿಡಿದರು. ಮರುವರ್ಷ 538 ಡಾಲರ್ ಬಂಡವಾಳದಲ್ಲಿ ಕಂಪನಿ ತೆಗೆದರು. ಬಡವನಹಳ್ಳಿ ಪಂಥದವರಿಗೆ ಇದು ಒಪ್ಪಿಗೆಯಿಲ್ಲ. 1800ರಲ್ಲಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್ ಮಧುಗಿರಿ ಕಡೆಗೂ ಬಂದು, ಹಳ್ಳದ ಕಪ್ಪು ಮರಳಿನಿಂದ ಕಬ್ಬಿಣ ತೆಗೆದು ಉಕ್ಕು ಮಾಡುತ್ತಿದ್ದ ಕುಲುಮೆಗಳ ವಿಷಯ ಬರೆದಿಟ್ಟ. ಮಣ್ಣಿನ ಮೂಸೆಯಲ್ಲಿ ಕಬ್ಬಿಣದ ತುಂಡು, ಒಂದಿಷ್ಟು ತಂಗಡಿ ಕಡ್ಡಿ, ಎರಡು ಹಸಿರೆಲೆ ಇಟ್ಟು, ಬಾಯಿ ಮುಚ್ಚಿ ಬೆಂಕಿಗೆ ಹಾಕಿದರೆ ಕಡ್ಡಿಯ ಇಂಗಾಲ ಕಬ್ಬಿಣಕ್ಕಿಳಿದು ಉಕ್ಕಾಗುತ್ತಿತ್ತು. ಆ ತಂಗಡಿ ಈಗಲೂ ರಸ್ತೆ ಬದಿಯಲ್ಲಿ ಹಳದಿ ಹೂ ಬಿಟ್ಟುಕೊಂಡು ನಿಂತಿದೆ. ಅದರ ಪಕ್ಕದಲ್ಲಿ ನಿಂತು ಮೊಬೈಲಿನಲ್ಲಿ ಪಾಲೊ ಆಲ್ಟೊ ನೋಡುವವರನ್ನು ಏನೆನ್ನಬೇಕೋ ತಿಳಿಯದು.

ಇನ್ನೂ ಬಲವಾದ ಪ್ರಮಾಣ ಬೆಳಗಾವಿಯಲ್ಲಿದೆ. ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರ್ 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟರು. ಅಲ್ಲಿಂದ ಮೇವು ಕತ್ತರಿಸುವ ಯಂತ್ರಕ್ಕೆ, ಆಮೇಲೆ ಕಬ್ಬಿಣದ ನೇಗಿಲಿಗೆ ಬಂದರು. ಕಬ್ಬಿಣ ತಾಗಿದರೆ ಮಣ್ಣು ವಿಷವಾಗುತ್ತದೆಂದು ರೈತರು ಮೊದಮೊದಲು ನೇಗಿಲನ್ನು ಮುಟ್ಟಲಿಲ್ಲ. ಅಷ್ಟರಲ್ಲಿ ಊರಿನ ಹೊಸ ಬಡಾವಣೆಗೆ ಕಾರ್ಖಾನೆಯ ಜಾಗವೇ ಬೇಕಾಯಿತು. ಔಂಧ್ ಸಂಸ್ಥಾನದ ರಾಜರು 32 ಎಕರೆ ಜಮೀನನ್ನೂ ಹತ್ತು ಸಾವಿರ ರೂಪಾಯಿ ಸಾಲವನ್ನೂ ಕೊಟ್ಟ ಮೇಲೆ 1910ರಲ್ಲಿ ಕಿರ್ಲೋಸ್ಕರವಾಡಿ ಎದ್ದಿತು. ಗಿರಾಕಿಯ ಅನುಮಾನ ಮತ್ತು ಜಾಗದ ತಕರಾರು ಷೆಡ್ಡಿನ ಹುಟ್ಟುಗುಣ ಎಂಬ ಸೂತ್ರ ಇಲ್ಲಿಂದ ಸಿದ್ಧವಾಗುತ್ತದೆ.

ಈಗ ದಿಕ್ಕಿನ ನಿರ್ಣಯ. ವಾಸ್ತುವಿನ ಪ್ರಕಾರ ಆಗ್ನೇಯ ಅಗ್ನಿಯ ಮೂಲೆ, ಆದ್ದರಿಂದ ವೆಲ್ಡಿಂಗ್ ಅಲ್ಲಿಗೆ. ವಾಯವ್ಯ ವಾಯುವಿನದು, ಅಲ್ಲಿ ಕಂಪ್ರೆಸರ್. ಭಾರವೆಲ್ಲ ನೈರುತ್ಯಕ್ಕೆ: ಅಡಿಗಲ್ಲು, ಸುಟ್ಟ ಮೋಟಾರು, ಮಾವನವರು ಕೊಟ್ಟ ಕಬ್ಬಿಣದ ಬೀರು. ಇಷ್ಟು ಅಚ್ಚುಕಟ್ಟಾದ ಶಾಸ್ತ್ರಕ್ಕೆ ಒಂದೇ ತೊಡಕು: ಮನೆಯ ಹುಲ್ಲಿನ ಬಣವೆಯೂ ಆಗ್ನೇಯದಲ್ಲೇ ಇರುತ್ತದೆ. ಗ್ರೈಂಡರಿನ ಕಿಡಿ ಎಷ್ಟೋ ಅಡಿ ಹಾರುತ್ತದೆ, ಬಣವೆಗೆ ಒಂದು ಕಿಡಿ ಸಾಕು. ಆದ್ದರಿಂದ ಬಣವೆಯಿರುವ ದಿಕ್ಕಿಗೆ ಬೆನ್ನು ಮಾಡಿ ವೆಲ್ಡಿಂಗ್ ಮಾಡಬಾರದು, ಎದುರಾಗಿಯೂ ಮಾಡಬಾರದು. ಬಣವೆಯನ್ನೇ ಬೇರೆಡೆ ಒಟ್ಟಬೇಕು.

ಸೂರಿನ ವಿಷಯದಲ್ಲಿ ಎರಡು ಮತ. ಇದು ಬಂಡೆಗಳ ಸೀಮೆ, ಮಧುಗಿರಿ ಬೆಟ್ಟವೇ ಒಂದು ಏಕಶಿಲೆ. ಹಳಬರು ಕಲ್ಲುಚಪ್ಪಡಿ ಹೊದಿಸಿದರು, ಹೊಸಬರು ತಗಡಿನ ಷೀಟಿಗೆ ಒಲಿದರು. ಷೀಟು ಹಗುರ, ಬೇಗ ಏಳುತ್ತದೆ, ಚೈತ್ರದ ಮಧ್ಯಾಹ್ನಕ್ಕೆ ಒಳಗಿರುವವನನ್ನು ಬೇಯಿಸುತ್ತದೆ. ಮೇಲೆ ತೆಂಗಿನ ಗರಿ ಹೊದಿಸಿ, ಗೋಡೆಗೂ ಸೂರಿಗೂ ನಡುವೆ ಒಂದಡಿ ಸಂದು ಬಿಟ್ಟರೆ ಬಿಸಿಗಾಳಿ ಹೊರಗೆ ಹೋಗುತ್ತದೆ. ಚಪ್ಪಡಿಯನ್ನು ಬೆಂಚಿಗೆ ಬಳಸಬಹುದು, ಅಲುಗುವುದಿಲ್ಲ. ವೈಸ್ ಕೂರಿಸುವಾಗ ಒಂದು ಮಾತು: ಅದರ ದವಡೆಯ ಮೇಲಂಚು ನಿಂತವನ ಮೊಣಕೈ ಮಟ್ಟಕ್ಕಿರಬೇಕು. ಇದಕ್ಕೆ ಅಪವಾದವಿಲ್ಲ.

ಬೆಳಕಿನ ಅಧ್ಯಾಯ ವೇದಾಂತಿಗಳಿಗೆ ಸೇರಿದ್ದು. ಚೋಕ್ ಹಾಕಿದ ಟ್ಯೂಬ್‌ಲೈಟು ಸೆಕೆಂಡಿಗೆ 100 ಸಲ ಮಿನುಗುತ್ತದೆ, ಕಣ್ಣಿಗೆ ಗೊತ್ತಾಗುವುದಿಲ್ಲ. ಅದೊಂದರ ಬೆಳಕಿನಲ್ಲಿ ನಿಮಿಷಕ್ಕೆ 3,000 ಸುತ್ತಿನ ಆಸುಪಾಸು ತಿರುಗುವ ಚಕ್ರ ನಿಂತಂತೆಯೋ ಮೆಲ್ಲಗೆ ಹಿಂದಕ್ಕೆ ತೆವಳಿದಂತೆಯೋ ಕಾಣಬಹುದು. ಜಗತ್ತು ಮಿಥ್ಯೆಯೆಂಬ ವಾದಕ್ಕೆ ಷೆಡ್ಡಿನಲ್ಲಿ ಅರ್ಧ ಪುರಾವೆ ಸಿಕ್ಕಿತು. ಉಳಿದರ್ಧ ಬೆರಳಿಟ್ಟರೆ ಸಿಗುತ್ತದೆ, ಅದು ಮಿಥ್ಯೆಯಲ್ಲ. ಯಂತ್ರದ ತಲೆಯ ಮೇಲೆ ಹಳೇ ತಂತಿ ಬಲ್ಬೊಂದನ್ನು ನೇತುಹಾಕಿದರೆ ಮಾಯೆ ಬಹಳಮಟ್ಟಿಗೆ ಹರಿಯುತ್ತದೆ. ನಾಲ್ಕಿಂಚಿನ ಗ್ರೈಂಡರು ನಿಮಿಷಕ್ಕೆ 11,000 ಸುತ್ತು ಹೊಡೆಯುತ್ತದೆ. ಅದರ ಮುಂದೆ ಚಾಳೀಸು ಕನ್ನಡಕವನ್ನು ರಕ್ಷಾಕವಚವೆಂದು ಯಾವ ಶಾಸ್ತ್ರವೂ ಒಪ್ಪುವುದಿಲ್ಲ.

ವಿದ್ಯುತ್ತು. ಪಕ್ಕದ ಪಾವಗಡ ತಾಲ್ಲೂಕಿನ ತಿರುಮಣಿ ಸುತ್ತ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟ್ ಸೋಲಾರ್ ಪಾರ್ಕ್ ಹಾಸಿಕೊಂಡಿದೆ. ಇಷ್ಟಾದರೂ ಇಲ್ಲಿ ವೆಲ್ಡಿಂಗ್ ರಾಡು ತಾಗಿಸಿದೊಡನೆ ಪಕ್ಕದ ಮನೆಯ ಧಾರಾವಾಹಿ ಮಂಕಾಗುತ್ತದೆ. ಮನೆಯ ಸಿಂಗಲ್ ಫೇಸ್ ಲೈನು ಆ ಹಠಾತ್ ಎಳೆತಕ್ಕೆಂದು ಹಾಕಿದ್ದಲ್ಲ. ಹೊಲದ ಪಂಪ್‌ಸೆಟ್ಟಿನ ತ್ರೀ ಫೇಸಿನಿಂದ ಒಂದು ತಂತಿ ಎಳೆದರೇನು ಎಂಬುದು ಪೂರ್ವಪಕ್ಷ. 10 ಎಚ್‌ಪಿವರೆಗಿನ ಪಂಪ್‌ಸೆಟ್ಟಿಗೆ ಸರ್ಕಾರ ಪುಕ್ಕಟೆ ಕರೆಂಟು ಕೊಟ್ಟಿರುವುದು ನೀರಾವರಿಗೆ. ವೆಲ್ಡಿಂಗ್ ಯಾವ ವ್ಯಾಖ್ಯಾನದಲ್ಲೂ ನೀರಾವರಿಯಲ್ಲ ಎಂಬುದು ಸಿದ್ಧಾಂತ. ಬೇಕಾದಷ್ಟು ಲೋಡು ಮಂಜೂರು ಮಾಡಿಸಿಕೊಂಡು, 30 ಮಿಲಿಆಂಪಿಯರಿನ ಆರ್‌ಸಿಸಿಬಿ ಹಾಕಿಸಿ, ಇದ್ದಿಲು ಉಪ್ಪು ತುಂಬಿದ ಅರ್ಥಿಂಗ್ ಗುಂಡಿಗೆ ಬೇಸಿಗೆಯಲ್ಲಿ ನೀರು ಹೊಯ್ಯಬೇಕು. ಬೋರ್‌ವೆಲ್ ಬತ್ತಿದ ವರ್ಷ ಗುಂಡಿಗೆ ಬಿಂದಿಗೆ ಸುರಿಯುವವನನ್ನು ಊರು ವಿಚಿತ್ರವಾಗಿ ನೋಡುತ್ತದೆ. ನೋಡಲಿ.

ಇಷ್ಟೆಲ್ಲ ಸಾಧಿಸಿದ ಮೇಲೆ ಬರುವುದು ಕಾಲ. ಮುಂಗಾರಿಗೆ ಬಿತ್ತಿದ ಕಡಲೆಕಾಯಿ ಅಕ್ಟೋಬರ್–ನವೆಂಬರಿಗೆ ಕೀಳಲು ಬರುತ್ತದೆ. ಆಗ ನಡೆಯುವ ಶಾಸ್ತ್ರಾರ್ಥ ಬಹಳ ಚಿಕ್ಕದು. "ಏನ್ರೀ, ಮೂಟೆ ಎಲ್ಲಿಡೋದು?" "ಷೆಡ್ಡಲ್ಲಿ ಬೆಂಚಿದೆಯಲ್ಲೇ." "ಸರಿ, ಬೆಂಚ್ ಮೇಲೇ ಇಡ್ಸಿ." ಮೂಟೆ ಇಳಿದ ಮೇಲೆ ಮಾಘ ಫಾಲ್ಗುಣದಲ್ಲಿ ಹುಣಸೆಹಣ್ಣು ಬರುತ್ತದೆ. ನೆರಳಿರುವುದು ಷೆಡ್ಡಿನಲ್ಲೇ ಆದ್ದರಿಂದ ಬಡಿದು ಬೀಜ ಬಿಡಿಸುವ ಕೂಟವೂ ಅಲ್ಲೇ ಸೇರುತ್ತದೆ, ಸುತ್ತಿಗೆ ಅವರ ಕೈಗೆ ಹೋಗುತ್ತದೆ. ಲಾಭವಿಲ್ಲದೆ ಇಲ್ಲ: ಹುಣಸೆಯ ಟಾರ್ಟಾರಿಕ್ ಆಮ್ಲ ತುಕ್ಕನ್ನು ಕರಗಿಸುತ್ತದೆ, ಹುಳಿನೀರಿನಲ್ಲಿ ರಾತ್ರಿ ನೆನೆದ ನಟ್ಟು ಬೆಳಿಗ್ಗೆ ಮೈತೊಳೆದುಕೊಂಡು ಏಳುತ್ತದೆ. ಒರೆಸಿ ಎಣ್ಣೆ ಹಚ್ಚದಿದ್ದರೆ ಸಂಜೆಗೆ ಮತ್ತೆ ತುಕ್ಕು. ಲೆಕ್ಕ ಹಾಕಿದರೆ ವರ್ಷದಲ್ಲಿ ಹೆಚ್ಚು ಕಾಲ ಷೆಡ್ಡು ಅದನ್ನು ಕಟ್ಟಿದವನದಲ್ಲ. ನಕ್ಷೆ ಬರೆಯುವವರು ಮೊದಲು ಬಾಗಿಲನ್ನು ಮೂಟೆ ಹೊತ್ತ ಆಳಿನ ಅಗಲಕ್ಕೆ ಅಳೆಯಬೇಕು.

ಕಡೆಯದು ಎರವಲು ಪ್ರಕರಣ. ಹಿಂದೆ ಕುಲುಮೆ ಊರಿಗೆಲ್ಲ ಸೇರಿದ್ದಾಗಿತ್ತು. ಕಮ್ಮಾರ ಆಯಗಾರ, ಕುಳ ಹದಮಾಡಿಕೊಟ್ಟದ್ದಕ್ಕೆ ಸುಗ್ಗಿಯಲ್ಲಿ ಕಣದಿಂದಲೇ ಕಾಳು ಪಡೆಯುತ್ತಿದ್ದ. ಆಯ ನಿಂತುಹೋಯಿತು, ಹಕ್ಕು ಮಾತ್ರ ಊರಿನವರ ಮನಸ್ಸಿನಲ್ಲಿ ಉಳಿಯಿತು. "ಅಣ್ಣ, ಒಂದ್ ಗಳಿಗೆ ಸ್ಪ್ಯಾನರ್ ಕೊಡಣ್ಣ, ಈಗ್ ತಂದ್ಕೊಡ್ತೀನಿ" ಎಂದವನಿಗೆ ಇಲ್ಲ ಎನ್ನುವ ವಾಕ್ಯ ಈ ಸೀಮೆಯ ವ್ಯಾಕರಣದಲ್ಲಿಲ್ಲ. ಗೋಡೆಯ ಮೇಲೆ ಪ್ರತಿ ಸಾಮಾನಿನ ಆಕಾರ ಬರೆದು ಮೊಳೆಗೆ ನೇತುಹಾಕುವ ಪದ್ಧತಿಯಿಂದ ಏನು ಹೋಗಿದೆಯೆಂದು ತಿಳಿಯುತ್ತದೆ, ಎಲ್ಲಿಗೆ ಹೋಗಿದೆಯೆಂದಲ್ಲ. ಆದ್ದರಿಂದ ಷೆಡ್ಡಿಗೆ ಸಾಮಾನು ಕೊಳ್ಳುವವರು ಸ್ಪ್ಯಾನರ್ ಸೆಟ್ಟನ್ನು ಎರಡೆರಡು ತೆಗೆದುಕೊಳ್ಳುವುದು ಮೇಲು, ಒಂದು ಕೆಲಸಕ್ಕೆ, ಒಂದು ಕೊಡುವುದಕ್ಕೆ. 10–11ರದು ಮಾತ್ರ ಮೂರಿರಲಿ.