ಹಗಲಿನ ಮೊಲಕ್ಕೆ ರಾತ್ರಿಯ ಕಣ್ಣು

ಕೋವಿ ಲೈಸೆನ್ಸಿನ ಕಾಗದ ಹಿಡಿದು ಕೇರಳದ ವಿದ್ಯಾನಗರದ ಕಲೆಕ್ಟರೇಟಿಗೆ ಬಂದವರ ಮಾತು ಕೇಳುವುದೇ ಒಂದು ಸೊಗಸು. ಚಹಾ ಆರುವಷ್ಟರಲ್ಲಿ ಅರ್ಧ ಕಾಡು ಬೇಟೆಯಾಗಿರುತ್ತದೆ.

"ಭಾವ, ಈ ಡಿಜಿಟಲ್ ನೈಟ್ ವಿಷನ್ ದುರ್ಬೀನು ಹಗಲಿಗೂ ಆಗ್ತದಂತೆ. ಮೊಲದ ಮೀಸೆಯೂ ಕಾಣ್ತದಂತೆ!"

ಸುಳ್ಳಲ್ಲ. ಹಳೆಯ ಟ್ಯೂಬಿನ ದುರ್ಬೀನಿಗೆ ಬಿಸಿಲು ಬಡಿದರೆ ಅದರ ಕಣ್ಣೇ ಹೋಗುವ ಭಯ. ಡಿಜಿಟಲಿನೊಳಗಿರುವುದು ಮೊಬೈಲಿನಂಥದೇ ಸೆನ್ಸರು, ಪುಟ್ಟ ಪರದೆ; ಹಗಲು ಬಣ್ಣ, ರಾತ್ರಿ ಇನ್‌ಫ್ರಾರೆಡ್ ದೀಪದ ಕಪ್ಪುಬಿಳುಪು. ಪರದೆಯ ಚಿತ್ರ ಮಾತ್ರ ಒಂದು ಚೂರು ತಡ. ಪಾರೆಯ ಮುಳಿಹುಲ್ಲಿನಿಂದ ನೆಗೆಯುವ ನಮ್ಮ ಮೊಲಕ್ಕೆ ಆ ಚೂರು ಧಾರಾಳ ಸಾಕು. ವೀಡಿಯೋ ಬೇರೆ ರೆಕಾರ್ಡ್ ಆಗುತ್ತದೆ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವರಿಗೆ ಇದಕ್ಕಿಂತ ದೊಡ್ಡ ಶತ್ರು ಉಂಟೇ?

ಭಾವ ಗ್ಲಾಸು ಕೆಳಗಿಟ್ಟರು. "ಮೊಲ ಹೊಡೆದರೆ 1972ರ ವನ್ಯಜೀವಿ ಕಾಯ್ದೆ ನಿನ್ನನ್ನು ಹಿಡೀತದೆ, ಅದಕ್ಕೆ ಹಗಲೂ ಕಾಣ್ತದೆ, ರಾತ್ರಿಯೂ ಕಾಣ್ತದೆ. ಕೇರಳದಲ್ಲಿ 2022ರಿಂದ ಪಂಚಾಯತಿನವರು ಅಪ್ಪಣೆ ಕೊಡುವುದು ಕಾಡುಹಂದಿಗೆ. ಹಂದಿ ಬರುವುದು ರಾತ್ರಿ. ಹಗಲು ಎಂತ ನೋಡ್ತೀಯಾ?"

"ಮಂಗ ಬರ್ತದಲ್ಲ ಭಾವ. ಹೊಡೆಯಲಿಕ್ಕಂತೂ ಇಲ್ಲ. ಯಾವುದು ಎಷ್ಟು ಬೊಂಡ ಕುಡಿಯಿತು ಅಂತ ಲೆಕ್ಕವಾದರೂ ಸಿಗ್ತದೆ."